ಎರಡು ಗುಡ್ಡ, ನಡುವೆ ಸೂರ್ಯ

ಮಕ್ಕಳ ಕೈಗೆ ಬಿಳಿ ಕಾಗದ ಕೊಟ್ಟು "ನಿಮಗೆ ಖುಷಿ ಬಂದದ್ದು ಬರೆಯಿರಿ" ಅಂತ ಹೇಳಿ ನೋಡಿ. ಮೂರನೇ, ನಾಲ್ಕನೇ ಕ್ಲಾಸಿನ ಮಕ್ಕಳಾದರೆ ಬಹಳಷ್ಟು ಜನ ಒಂದೇ ಚಿತ್ರ ಬರೆಯುತ್ತಾರೆ. ಚೂಪಾದ ಎರಡು ಗುಡ್ಡ. ನಡುವೆ ಸೂರ್ಯ. ಸೂರ್ಯನ ಬುಡದಿಂದಲೇ ಇಳಿದು ಬರುವ ಹೊಳೆ. ಹೊಳೆಯ ಬದಿಯಲ್ಲಿ ಒಂದು ಮನೆ, ಒಂದು ತೆಂಗಿನಮರ. ಆಕಾಶದಲ್ಲಿ ನಾಲ್ಕು ಹಕ್ಕಿ.

ನಮ್ಮ ಕಾಸರಗೋಡಿನಲ್ಲಿ ಅಂಥ ಗುಡ್ಡ ಎಲ್ಲಿದೆ? ನಮ್ಮ ಗುಡ್ಡಗಳ ತಲೆ ಚಪ್ಪಟೆ. ಮುರಕಲ್ಲಿನ ಪದವುಗಳು. ಮಳೆಗಾಲದಲ್ಲಿ ಅವುಗಳ ಮೇಲೆ ಗೇಣುದ್ದ ಹುಲ್ಲು, ಓಣಂ ಹೊತ್ತಿಗೆ ನೀಲಿ ನೀಲಿ ಸಣ್ಣ ಹೂಗಳು. ಬೇಸಿಗೆಯಲ್ಲಿ ಬರಿಗಾಲಿಡಲಾಗದಷ್ಟು ಕಾಯುವ ಕಪ್ಪು ಪಾದೆ. ಸೂರ್ಯ ಮುಳುಗುವುದು ಕಡಲಿನಲ್ಲಿ. ಇದನ್ನೆಲ್ಲ ದಿನಾ ನೋಡುವ ಮಗು ಚೂಪು ಗುಡ್ಡವನ್ನು ಎಲ್ಲಿಂದ ತಂದಿತು?

ಅಕ್ಕನ ಪುಸ್ತಕದಿಂದ ತಂದಿತು. ಅಥವಾ "ಬಾ, ನಾನು ಹೇಳಿಕೊಡ್ತೇನೆ" ಅಂತ ಮನೆಯ ದೊಡ್ಡವರೇ ಕೈ ಹಿಡಿದು ಬರೆಸಿದರು. ಆ ಚಿತ್ರ ಬೇಗ ಬರುತ್ತದೆ. ಚಂದ ಕಾಣುತ್ತದೆ. ಎಲ್ಲರೂ ಭೇಷ್ ಅನ್ನುತ್ತಾರೆ. ಭೇಷ್ ಅನ್ನಿಸಿಕೊಂಡ ಮೇಲೆ ಮಗು ಬೇರೆ ಯಾವುದಕ್ಕೂ ಕೈ ಹಾಕುವುದಿಲ್ಲ.

ನಾನು ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಮಾಡುವವಳು. ಡ್ರಾಯಿಂಗ್ ಟೀಚರ್ ಅಲ್ಲ. ಆದರೆ ಮಕ್ಕಳ ಚಿತ್ರ ನೋಡುವುದೆಂದರೆ ನನಗೆ ತುಂಬ ಇಷ್ಟ. ನೋಡಿ ನೋಡಿ ಒಂದು ಮಾತು ನನ್ನಲ್ಲಿ ಗಟ್ಟಿಯಾಗಿದೆ. ಮಗುವಿನಲ್ಲಿ ಚಿತ್ರದ ಆಸಕ್ತಿಯನ್ನು ಯಾರೂ ಹುಟ್ಟಿಸಬೇಕಾಗಿಲ್ಲ. ಅದು ಇದ್ದೇ ಇರುತ್ತದೆ. ಬರೆದ ಚಿತ್ರವನ್ನು ದೊಡ್ಡವರು ಪಕ್ಕದಲ್ಲಿ ಕೂತು ನೋಡಬೇಕು, ಅಷ್ಟೆ. ನೋಡುವವರಿದ್ದರೆ ಮಗು ತಾನು ಕಂಡದ್ದನ್ನು ಬರೆಯುತ್ತದೆ. ಇಲ್ಲದಿದ್ದರೆ ನಮಗೆ ಬೇಕಾದ್ದನ್ನು ಬರೆದು ಕೊಟ್ಟು ಸುಮ್ಮನಾಗುತ್ತದೆ.

ಎರಡನೇ ಕ್ಲಾಸಿನ ಒಬ್ಬಳು ಹುಡುಗಿ ಒಮ್ಮೆ ಕಾಗದದ ಮುಕ್ಕಾಲು ಭಾಗ ಕಪ್ಪು ಕ್ರೆಯಾನ್ ಬಳಿದಿದ್ದಳು. ಒತ್ತಿ ಒತ್ತಿ ಬಳಿದು ಗೆರೆಗಳು ಹಿಂಬದಿಗೂ ಎದ್ದಿದ್ದವು. ಪಕ್ಕದ ಹುಡುಗ "ಟೀಚರ್, ಇವಳು ಸುಮ್ನೆ ಹಾಳು ಮಾಡಿದ್ದಾಳೆ" ಅಂತ ದೂರು ತಂದ. ನಾನು ಅವಳ ಬೆಂಚಿನಲ್ಲಿ ಕೂತೆ. ಕಪ್ಪಿನ ನಡುವೆ ಬಲಗಡೆಯ ಮೂಲೆಯಲ್ಲಿ ಒಂದು ಹಳದಿ ಚುಕ್ಕೆ ಇತ್ತು. ಚುಕ್ಕೆಯ ಹತ್ತಿರ ಬೆನ್ನು ಬಗ್ಗಿಸಿದ ಒಬ್ಬ ಮನುಷ್ಯ. ಅವನ ಕಾಲಬುಡದಿಂದ ಎಡಗಡೆಯವರೆಗೆ ಸಪೂರ ನೀಲಿ ಗೆರೆ. ಆ ನೀಲಿಯ ಮೇಲೆ ಕಪ್ಪು ಒಂದು ಚೂರೂ ಏರಿರಲಿಲ್ಲ. ಮೊದಲು ನೀಲಿ ಬರೆದು, ಆಮೇಲೆ ಅದನ್ನು ಉಳಿಸಿಕೊಂಡು ಸುತ್ತಲೂ ಕಪ್ಪು ತುಂಬಿದ್ದಳು. ಏಳು ವರ್ಷದ ಕೈಗೆ ಅದು ಸಣ್ಣ ಕೆಲಸವಲ್ಲ.

"ಇವರು ಯಾರು?" ಅಂತ ಕೇಳಿದೆ.

"ಅಜ್ಜ. ಸುರಂಗದ ಒಳಗೆ ಹೋಗಿದ್ದಾರೆ. ಮಣ್ಣು ಜರಿದು ನೀರು ಕಟ್ಟಿತ್ತು."

"ನೀನೆಲ್ಲಿದ್ದಿ?"

"ನಾನು ಇದರಲ್ಲಿ ಇಲ್ಲ ಟೀಚರ್. ನಾನು ಹೊರಗಿನಿಂದ ನೋಡ್ತಾ ಇದ್ದೆ ಅಲ್ವಾ?"

ಸುರಂಗ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಕಡೆ, ಅದರಲ್ಲೂ ಬಾಯಾರು, ಪೆರ್ಲ, ಪಡ್ರೆಯ ಸುತ್ತ, ಗುಡ್ಡಕ್ಕೆ ಅಡ್ಡವಾಗಿ ಕೊರೆದ ನೀರಿನ ದಾರಿಗಳಿವೆ. ಒಬ್ಬ ಮನುಷ್ಯ ನುಗ್ಗುವಷ್ಟೇ ಅಗಲ. ಒಳಗೆ ಜಿನುಗಿದ ನೀರು ತಾನಾಗಿ ಹರಿದು ಬಾಯಿಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಎಷ್ಟೋ ಮನೆಗಳ ತೋಟ ಬದುಕಿದ್ದು ಅದರಿಂದಲೇ. ಆ ಕತ್ತಲನ್ನು, ಒಳಗಿನ ದೀಪವನ್ನು, ಅಜ್ಜ ಹೊರಗೆ ಬರುವವರೆಗಿನ ಕಾಯುವಿಕೆಯನ್ನು ಅವಳು ಒಂದು ಕಾಗದದಲ್ಲಿ ತಂದಿಟ್ಟಿದ್ದಳು. ಸುರಂಗವನ್ನು ಇಷ್ಟು ಸರಿಯಾಗಿ ಹಿಡಿದ ಚಿತ್ರವನ್ನು ನಾನು ಬೇರೆಲ್ಲೂ ನೋಡಿಲ್ಲ. ಕ್ಲಾಸಿನಲ್ಲಿ ಎಲ್ಲರಿಗೂ ತೋರಿಸಿದೆ. ದೂರು ತಂದಿದ್ದ ಹುಡುಗ ಮಾರನೆಯ ದಿನ ತಮ್ಮ ತೋಟದ ಕೆರೆಯನ್ನು ಬರೆದು ತಂದ. ಅದರಲ್ಲಿ ಗುಡ್ಡವೂ ಇರಲಿಲ್ಲ, ಸೂರ್ಯನೂ ಇರಲಿಲ್ಲ. ಒಂದು ಕೆರೆ, ಆರು ಕಪ್ಪೆ, ಪಾಚಿ.

ಮಕ್ಕಳ ಚಿತ್ರ ಬೆಳೆಯುವುದಕ್ಕೆ ಅದರದ್ದೇ ಒಂದು ದಾರಿ ಇದೆ. ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಕಲಾ ಶಿಕ್ಷಕರು 1947ರಲ್ಲೇ ಇದನ್ನು ವಿವರವಾಗಿ ಬರೆದಿದ್ದಾರೆ. ಎರಡು ವರ್ಷದ ಹೊತ್ತಿಗೆ ಗೀಚುವುದು. ಮತ್ತೆ ಗೀಟು ಸುತ್ತಿ ಸುತ್ತಿ ವೃತ್ತವಾಗುವುದು. ನಾಲ್ಕರ ಹೊತ್ತಿಗೆ ಆ ವೃತ್ತಕ್ಕೆ ಕಣ್ಣು ಬರುತ್ತದೆ, ತಲೆಯಿಂದಲೇ ನೇರ ಕೈಕಾಲು ಹೊರಡುತ್ತವೆ. ಹೊಟ್ಟೆ ಇರುವುದೇ ಇಲ್ಲ. ಇದು ತಪ್ಪಲ್ಲ. ನಮ್ಮೂರಿನ ಮಗು ಮಾತ್ರ ಹೀಗೆ ಬರೆಯುವುದೂ ಅಲ್ಲ. ಬೇರೆ ಬೇರೆ ದೇಶದ ಮಕ್ಕಳ ಚಿತ್ರ ತೆಗೆದು ನೋಡಿದರೂ ಇಂಥ ಮನುಷ್ಯರು ಸಿಗುತ್ತಾರೆ. "ಹೊಟ್ಟೆ ಎಲ್ಲಿ? ಹೊಟ್ಟೆ ಬರಿ" ಅಂತ ಒತ್ತಾಯ ಮಾಡುವ ಅಗತ್ಯವೇ ಇಲ್ಲ. ಹೊಟ್ಟೆ ತಾನಾಗಿ ಬರುತ್ತದೆ.

ಆರೇಳು ವರ್ಷಕ್ಕೆ ಕಾಗದದ ಕೆಳಗೆ ನೆಲದ ಗೆರೆ ಬರುತ್ತದೆ, ಮೇಲೆ ಆಕಾಶದ ಪಟ್ಟಿ. ಅದೇ ಹೊತ್ತಿಗೆ ಇನ್ನೊಂದು ಚಂದದ ಸಂಗತಿ ಶುರುವಾಗುತ್ತದೆ. ಹೊರಗಿನದ್ದೂ ಒಳಗಿನದ್ದೂ ಒಟ್ಟಿಗೇ ಕಾಣುವ ಚಿತ್ರಗಳು. 2022ರ ಅಕ್ಟೋಬರಿನಲ್ಲಿ ಅನಂತಪುರ ಕೆರೆ ದೇವಸ್ಥಾನದ ಬಬಿಯಾ ಮೊಸಳೆ ತೀರಿಹೋದಾಗ ನಮ್ಮ ಮಕ್ಕಳು ಎರಡು ದಿನ ಬೇರೆ ಏನನ್ನೂ ಬರೆಯಲಿಲ್ಲ. ಅಪ್ಪ ಅಮ್ಮನ ಜೊತೆ ಹೋಗಿ ಅದನ್ನು ನೋಡಿ ಬಂದ ಮಕ್ಕಳೇ ಜಾಸ್ತಿ. ಒಬ್ಬ ಹುಡುಗನ ಬಬಿಯಾ ಕಾಗದದ ಈ ತುದಿಯಿಂದ ಆ ತುದಿಯವರೆಗೆ ಇತ್ತು. ನಾಲ್ಕೂ ಕಾಲು ಒಂದೇ ಬದಿಯಲ್ಲಿ. ಹೊಟ್ಟೆಯ ಒಳಗೆ ಬಿಳಿ ಉಂಡೆಗಳು. ಏನವು? ದೇವರ ನೈವೇದ್ಯದ ಅನ್ನ. ಮಧ್ಯಾಹ್ನದ ಪೂಜೆಯ ಮೇಲೆ ಭಟ್ಟರು ಕೊಡುತ್ತಿದ್ದದ್ದು. ತಿಂದದ್ದು ಹೊಟ್ಟೆಯಲ್ಲಿದೆ ಅಂತ ಗೊತ್ತಿದ್ದ ಮೇಲೆ ಅದನ್ನು ಬರೆಯದೆ ಬಿಡುವುದು ಹೇಗೆ? ಈ ವಯಸ್ಸಿನಲ್ಲಿ ಮಗು ಕಣ್ಣಿಗೆ ಕಂಡದ್ದನ್ನಷ್ಟೇ ಅಲ್ಲ, ತನಗೆ ಗೊತ್ತಿರುವುದನ್ನೆಲ್ಲ ಬರೆಯುತ್ತದೆ.

ಇಂಥ ಚಿತ್ರವನ್ನು ತಿದ್ದಲು ಹೋಗುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಪ್ರೀತಿಯಿಂದಲೇ ತಿದ್ದುತ್ತಾರೆ, ಗೊತ್ತು. "ಮೊಸಳೆ ಹೀಗಿರುವುದಿಲ್ಲ ಮಗಾ, ಕೊಡಿಲ್ಲಿ" ಅಂತ ಪೆನ್ಸಿಲ್ ತೆಗೆದುಕೊಂಡು ಒಂದು ಗೆರೆ ಹಾಕುತ್ತಾರೆ. ಆ ಒಂದು ಗೆರೆಯ ಪಕ್ಕದಲ್ಲಿ ಮಗುವಿನ ಉಳಿದ ಗೆರೆಗಳೆಲ್ಲ ಕುಂಟು ಕಾಣತೊಡಗುತ್ತವೆ. ಮಗುವಿಗೆ ಅದು ತಕ್ಷಣ ಗೊತ್ತಾಗುತ್ತದೆ. ಆಮೇಲೆ "ಅಮ್ಮ, ನೀನೇ ಬರೆದುಕೊಡು" ಶುರು. ಬಾಯಿಮಾತಿನಲ್ಲಿ ಎಷ್ಟು ಬೇಕಾದರೂ ಸಹಾಯ ಮಾಡಬಹುದು. "ಬಾಲ ಹೇಗಿತ್ತು? ಚಪ್ಪಟೆಯಾ, ದಪ್ಪವಾ? ಬೆನ್ನು ನುಣ್ಣಗಿತ್ತಾ?" ಅಂತ ಕೇಳಿದರೆ ಮಗು ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳುತ್ತದೆ. ಬಣ್ಣ ತುಂಬುವ ಪುಸ್ತಕಗಳ ಬಗ್ಗೆಯೂ ನನಗೆ ದೊಡ್ಡ ಪ್ರೀತಿ ಇಲ್ಲ. ಪ್ರಯಾಣದಲ್ಲಿ ಸರಿ. ಆದರೆ ಬೇರೆಯವರು ಹಾಕಿದ ಗೆರೆಯೊಳಗೆ ಇರುವುದೇ ಚಿತ್ರ ಅಂತ ಮಗು ತಿಳಿದುಕೊಂಡರೆ ಕಷ್ಟ.

ಮಧೂರಿನ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದು ಮೂಲದಲ್ಲಿ ಮದನಂತೇಶ್ವರನ, ಅಂದರೆ ಈಶ್ವರನ ದೇವಸ್ಥಾನ. ಪೂಜೆಗೆ ಬಂದ ಭಟ್ಟರ ಜೊತೆ ಬಂದ ಹುಡುಗ, ಹಿರಿಯರು ಪೂಜೆಯಲ್ಲಿ ಮುಳುಗಿದ್ದಾಗ, ಆಟಕ್ಕೆಂದು ಗರ್ಭಗುಡಿಯ ಗೋಡೆಯ ಮೇಲೆ ಗಣಪತಿಯ ಚಿತ್ರ ಬರೆದನಂತೆ. ತಾನೇ ಪೂಜೆಯನ್ನೂ ಮಾಡಿದನಂತೆ. ಆ ಗಣಪತಿ ದಿನದಿಂದ ದಿನಕ್ಕೆ ದಪ್ಪವಾಗುತ್ತಾ ಬಂದನಂತೆ. ಇವತ್ತು ಊರು ಪರವೂರಿನಿಂದ ಜನ ಬಂದು ಕೈಮುಗಿಯುವುದು, ಅಪ್ಪದ ಸೇವೆ ಮಾಡಿಸುವುದು ಆ ಗಣಪತಿಗೆ. ಕಥೆಯನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನನಗೆ ಮುಖ್ಯ ಅನ್ನಿಸುವುದು, ಆ ಗೋಡೆಯನ್ನು ಯಾರೂ ಒರೆಸಲಿಲ್ಲ ಅನ್ನುವುದು. ನಮ್ಮ ಹಿರಿಯರು ಈ ಕಥೆಯನ್ನು ಇಷ್ಟು ಕಾಲ ಉಳಿಸಿಕೊಂಡು ಬಂದಿದ್ದಾರೆ. ಹಾಗಿರುವಾಗ ಹೊಸ ಪೈಂಟಿನ ಗೋಡೆ ಅಂತ ಮಗುವಿನ ಕೈಗೆ ಹೊಡೆಯುವುದು ನಮಗೆ ಹೊಂದುವುದಿಲ್ಲ.

ಇಡೀ ಮನೆ ಬಿಟ್ಟುಕೊಡಿ ಅಂತ ನಾನು ಹೇಳುವುದಿಲ್ಲ. ಹಿಂದಿನ ಜಗಲಿಯ ಒಂದು ಗೋಡೆ, ಮಗುವಿನ ಕೈ ಎಟಕುವಷ್ಟು ಎತ್ತರ. ವರ್ಷಕ್ಕೊಮ್ಮೆ ಸುಣ್ಣ ಬಳಿದರಾಯಿತು. ಹಳೆಯ ಮನೆಯಾದರೆ ಕಾವಿ ನೆಲ ಇರುತ್ತದೆ. ಕೆಂಪು ನೆಲದ ಮೇಲೆ ಬಿಳಿ ಚಾಕ್ ಎಷ್ಟು ಚಂದ ಏಳುತ್ತದೆ ಅಂತ ಒಮ್ಮೆ ನೋಡಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಯಿತು, ನಾಳೆ ಮತ್ತೆ ಹೊಸತು. ನೆಲದಲ್ಲಿ ಬರೆಯುವಾಗ ಮಗು ಇಡೀ ಕೈ ಬೀಸಿ, ಸುತ್ತ ನಡೆದು ಬರೆಯುತ್ತದೆ. ನೋಟ್ ಪುಸ್ತಕದಲ್ಲಿ ಬರೀ ಬೆರಳು ಆಡುತ್ತದೆ. ಸಣ್ಣವರಿಗೆ ದೊಡ್ಡ ಜಾಗವೇ ಬೇಕು.

ಸಾಮಾನಿಗೆ ದುಡ್ಡು ಬೇಕಲ್ಲ ಅನ್ನುವವರಿದ್ದಾರೆ. ದೊಡ್ಡ ಪೆಟ್ಟಿಗೆಯ ಬಣ್ಣ ಖಂಡಿತ ಬೇಡ. ದಪ್ಪ ಕ್ರೆಯಾನಿನ ಒಂದು ಸಣ್ಣ ಪ್ಯಾಕೆಟ್ ಸಾಕು. ಹಳೇ ಕ್ಯಾಲೆಂಡರಿನ ಹಿಂಬದಿ, ಮದುವೆ ಕಾಗದದ ಹಿಂಬದಿ, ಅಡಿಕೆ ಹಾಳೆಯ ಒಳಮೈ. ಒಣಗಿದ ಹಾಳೆಯ ಒಳಬದಿ ನುಣ್ಣಗೆ ತಿಳಿ ಬಣ್ಣದಲ್ಲಿರುತ್ತದೆ. ಗೆರಟೆ ಸುಟ್ಟ ಮಸಿಯ ತುಂಡಿನಲ್ಲಿ ಅದರ ಮೇಲೆ ಬರೆದರೆ ಅದರ ಗತ್ತೇ ಬೇರೆ. ಬಸಳೆ ಚಪ್ಪರದಲ್ಲಿ ಹಣ್ಣಾಗಿದ್ದರೆ ಹಿಂಡಿ ನೇರಳೆ ಬಣ್ಣ ಮಾಡಬಹುದು. ಕೆಲವು ದಿನಕ್ಕೆ ಅದು ಮಾಸುತ್ತದೆ, ಆದರೆ ಬಣ್ಣ ಮಾಡುವ ಖುಷಿ ಮಾಸುವುದಿಲ್ಲ. ತೇಗದ ಚಿಗುರೆಲೆ ತಿಕ್ಕಿದರೆ ಕೆಂಪು. ದಾಸವಾಳದ ಎಸಳು ಕಾಗದಕ್ಕೆ ಉಜ್ಜಿದರೆ ನೀಲಿ ಮಿಶ್ರಿತ ನೇರಳೆ, ಅದರ ಮೇಲೆ ಲಿಂಬೆರಸದ ಒಂದು ಹನಿ ಬಿದ್ದರೆ ಗುಲಾಬಿ. ಅರಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದ ಕೂಡಲೇ ಹಳದಿ ಹೋಗಿ ಕೆಂಪಾಗುವುದನ್ನು ನೋಡಿ ಮಕ್ಕಳು ಕಿರುಚುತ್ತಾರೆ. ಸುಣ್ಣ ಮಾತ್ರ ದೊಡ್ಡವರೇ ಹಾಕಬೇಕು. ಬ್ರಷ್ ಇಲ್ಲದಿದ್ದರೆ ತೆಂಗಿನ ಗರಿಯ ಕಡ್ಡಿಯ ತುದಿ ಜಜ್ಜಿ ಕೊಡಿ.

ಆ ಕಡ್ಡಿ ನನ್ನ ಕಲ್ಪನೆ ಏನಲ್ಲ. ನಮ್ಮಲ್ಲಿ ತೆಯ್ಯಂ, ಅಂದರೆ ದೈವದ ವೇಷ, ಕಟ್ಟುವವರ ಮುಖಕ್ಕೆ ಬರೆಯುವುದು ತೆಂಗಿನ ಗರಿಯ ಕಡ್ಡಿಯಲ್ಲೇ. ಕಟ್ಟುವವರು ನೆಲದಲ್ಲಿ ಮಲಗಿರುತ್ತಾರೆ. ಬರೆಯುವವರು ತಲೆಯ ಹತ್ತಿರ ಕೂತು, ಉಸಿರು ಬಿಗಿಹಿಡಿದು, ಕಣ್ಣಿನ ಸುತ್ತ ಕೂದಲೆಳೆಯಂಥ ಗೆರೆಗಳನ್ನು ಎಳೆಯುತ್ತಾರೆ. ಒಂದೊಂದು ತೆಯ್ಯಕ್ಕೆ ಒಂದೊಂದು ಬರವಣಿಗೆ. ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಗೆ ಹೋದರೆ ಇನ್ನೊಂದು ಪಾಠ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮ್ಮದು, ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟು ನಮ್ಮದು. ರಾಕ್ಷಸರಂಥ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಇಡುತ್ತಾ ಗಂಟೆಗಟ್ಟಲೆ ಕೂತಿರುತ್ತಾರೆ. ಒಂದು ಚುಕ್ಕೆಯ ಮೇಲೆ ಇನ್ನೊಂದು. ಬಣ್ಣಕ್ಕೆ ಎಷ್ಟು ತಾಳ್ಮೆ ಬೇಕು, ಎರಡು ಕೆನ್ನೆ ಸಮ ಬರಲು ಎಷ್ಟು ಸಲ ಕನ್ನಡಿ ನೋಡಬೇಕು ಅನ್ನುವುದನ್ನು ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ಹೇಳುವುದಿಲ್ಲ. ಮಕ್ಕಳನ್ನು ಯಕ್ಷಗಾನದ ಆಟಕ್ಕೆ ಕರೆದುಕೊಂಡು ಹೋಗುವವರು ಸ್ವಲ್ಪ ಬೇಗ ಹೋಗಿ. ಕೇಳಿಕೊಂಡು, ಗಲಾಟೆ ಮಾಡದೆ, ಚೌಕಿಯ ಬದಿಯಲ್ಲಿ ಅರ್ಧ ಗಂಟೆ ನಿಲ್ಲಿಸಿ. ನಮ್ಮ ಹುಡುಗರ ನೋಟ್ ಪುಸ್ತಕದ ಕೊನೇ ಪುಟದಲ್ಲಿ ಕಿರೀಟಗಳು ತುಂಬಿರುವುದನ್ನು ನಾನು ಯಾವತ್ತೂ ತಡೆದಿಲ್ಲ.

ನಿಜವಾದ ಕಷ್ಟ ಶುರುವಾಗುವುದು ಒಂಬತ್ತು ಹತ್ತರ ವಯಸ್ಸಿನಲ್ಲಿ. ಅಲ್ಲಿಯವರೆಗೆ ತನ್ನ ಚಿತ್ರದ ಬಗ್ಗೆ ಒಂದಿಷ್ಟೂ ಸಂಶಯ ಇಲ್ಲದ ಮಗು ಒಂದು ದಿನ ಕೈ ಕಟ್ಟಿ ಕೂರುತ್ತದೆ. "ನನಗೆ ಚಿತ್ರ ಬರೋದಿಲ್ಲ." ಅದರ ಕಣ್ಣು ಈಗ ಬೆಳೆದಿದೆ. ತಾನು ಬರೆದ ಕುದುರೆ ಕುದುರೆಯಂತಿಲ್ಲ ಅಂತ ಅದಕ್ಕೇ ಕಾಣುತ್ತದೆ. ಕೈ ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಇಲ್ಲಿ ಬರೀ ಭೇಷ್ ಅಂದರೆ ನಡೆಯುವುದಿಲ್ಲ. ಸುಳ್ಳು ಹೊಗಳಿಕೆ ಮಗುವಿಗೆ ಗೊತ್ತಾಗುತ್ತದೆ. ಇಲ್ಲಿ ಕಲಿಸಬೇಕು. ದೂರದ್ದು ಯಾಕೆ ಸಣ್ಣದಾಗಿ ಕಾಣುತ್ತದೆ, ಬೆಳಕು ಒಂದು ಕಡೆಯಿಂದ ಬಿದ್ದರೆ ಚೆಂಬಿನ ನೆರಳು ಎಲ್ಲಿ ಬೀಳುತ್ತದೆ, ಮುಖದಲ್ಲಿ ಕಣ್ಣಿನ ಜಾಗ ಯಾವುದು. ಕಣ್ಣು ಹಣೆಯ ಮೇಲಲ್ಲ, ತಲೆಯ ಉದ್ದದ ಹೆಚ್ಚುಕಡಿಮೆ ನಡುವಿನಲ್ಲಿದೆ ಅಂತ ತೋರಿಸಿಕೊಟ್ಟ ದಿನ ನಾಲ್ಕನೇ ಕ್ಲಾಸಿನವರು ಒಬ್ಬರ ಮುಖ ಒಬ್ಬರು ಗೇಣಿನಲ್ಲಿ ಅಳೆದದ್ದೇ ಅಳೆದದ್ದು. ಆ ವಾರವಿಡೀ ಅವರು ಮುಖಗಳನ್ನೇ ಬರೆದರು.

ಡ್ರಾಯಿಂಗ್ ಮಾಷ್ಟ್ರು ಬೇಕಾಗುವುದು ಈ ಹೊತ್ತಿಗೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 6ರಿಂದ 8ನೇ ತರಗತಿಗೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಶಿಕ್ಷಕರು ಇರಬೇಕು ಅಂತ ಇದೆ. ಆದರೆ ಅದು ಮಕ್ಕಳ ಸಂಖ್ಯೆ 100ಕ್ಕಿಂತ ಹೆಚ್ಚಿರುವ ಕಡೆಗೆ. ಗಡಿಯ ಎಷ್ಟೋ ಸಣ್ಣ ಕನ್ನಡ ಶಾಲೆಗಳಲ್ಲಿ ಅಷ್ಟು ಮಕ್ಕಳೇ ಇಲ್ಲ. ಸಣ್ಣ ಶಾಲೆಯ ಮಗುವಿಗೆ ಬಣ್ಣ ಕಡಿಮೆ ಸಾಕು ಅಂತ ಯಾರು ಹೇಳಿದರು? ಈ ನಿಯಮ ನನಗೆ ಒಪ್ಪಿಗೆಯೇ ಆಗುವುದಿಲ್ಲ. ಒಂದು ಪಂಚಾಯತಿನ ನಾಲ್ಕಾರು ಶಾಲೆಗಳಿಗೆ ಸೇರಿ ಒಬ್ಬರನ್ನಾದರೂ ಕೊಡಬಹುದಲ್ಲ. ವಾರಕ್ಕೊಂದು ದಿನ ಬಂದರೂ ದೊಡ್ಡದು. ಅಲ್ಲಿಯವರೆಗೆ ನಮ್ಮಂಥ ಕ್ಲಾಸ್ ಟೀಚರುಗಳೇ ಕಲಿತು ಕಲಿಸಬೇಕು. ಇರುವ ಒಂದು ಡ್ರಾಯಿಂಗ್ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡದಿದ್ದರೆ ಅದೇ ಮೊದಲ ಹೆಜ್ಜೆ.

ಸ್ಪರ್ಧೆಗಳ ಬಗ್ಗೆ ಎರಡು ಮಾತು. ಕೇರಳದಲ್ಲಿ ಶಾಲಾ ಕಲೋತ್ಸವ ಅಂದರೆ ಊರ ಜಾತ್ರೆ. 2019ರಲ್ಲಿ ಕಾಞಂಗಾಡಿನಲ್ಲಿ ರಾಜ್ಯಮಟ್ಟದ್ದು ನಡೆದಾಗ ನಮ್ಮ ಜಿಲ್ಲೆಗೆ ಜಿಲ್ಲೆಯೇ ಅಲ್ಲಿತ್ತು. ಯಕ್ಷಗಾನಕ್ಕೂ ಕನ್ನಡ ಪದ್ಯಕ್ಕೂ ಅಲ್ಲಿ ಜಾಗ ಇದೆ ಅನ್ನುವುದು ನಮಗೆ ಹೆಮ್ಮೆ. ಪೆನ್ಸಿಲ್ ಚಿತ್ರ, ಜಲವರ್ಣ, ತೈಲವರ್ಣ, ಕಾರ್ಟೂನ್, ಕೊಲಾಜ್ ಎಲ್ಲ ಇವೆ. ಸ್ಪರ್ಧೆಯೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಕಾಯಂಕುಳಂನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಶಂಕರ್ 1949ರಲ್ಲಿ ದೆಹಲಿಯಲ್ಲಿ ಶುರು ಮಾಡಿದ ಮಕ್ಕಳ ಚಿತ್ರ ಸ್ಪರ್ಧೆಗೆ ಪರದೇಶದ ಮಕ್ಕಳೂ ಚಿತ್ರ ಕಳಿಸುತ್ತಾ ಬಂದರು. ಸ್ಪರ್ಧೆ ಮಗುವನ್ನು ಅಷ್ಟು ದೂರಕ್ಕೂ ಕರೆದುಕೊಂಡು ಹೋಗಬಲ್ಲದು. ನನಗೆ ಬೇಸರವಾಗುವುದು ಬಾಯಿಪಾಠದ ಚಿತ್ರಗಳನ್ನು ಕಂಡಾಗ. "ಪರಿಸರ" ಅಂದರೆ ಇದು, "ಹಬ್ಬ" ಅಂದರೆ ಇದು ಅಂತ ಮೊದಲೇ ಅಭ್ಯಾಸ ಮಾಡಿಸಿ ಕಳಿಸುತ್ತಾರೆ. ಗ್ರೇಡ್ ಸಿಗಬಹುದು. ಸಿಕ್ಕಿದ ಮೇಲೆ ಆ ಮಗು ಮತ್ತೆ ಪೆನ್ಸಿಲ್ ಹಿಡಿಯಿತೇ ಅಂತ ವಿಚಾರಿಸುವವರು ಕಡಿಮೆ.

ಕೊಚ್ಚಿಯ ಕ್ಲಿಂಟ್ ಬಗ್ಗೆ ಕೇರಳದಲ್ಲಿ ಎಲ್ಲರೂ ಕೇಳಿದ್ದಾರೆ. 1976ರಲ್ಲಿ ಹುಟ್ಟಿದ ಎಡ್ಮಂಡ್ ಥಾಮಸ್ ಕ್ಲಿಂಟ್ ಮೂತ್ರಪಿಂಡದ ಕಾಯಿಲೆಯಿಂದ 1983ರಲ್ಲಿ, ಏಳು ತುಂಬುವುದಕ್ಕೆ ಒಂದು ತಿಂಗಳಿರುವಾಗ ತೀರಿಕೊಂಡ. ಅಷ್ಟರಲ್ಲಿ ಬರೆದ ಚಿತ್ರಗಳು ಸುಮಾರು 25,000 ಅನ್ನುತ್ತಾರೆ. ಅವನ ಹೆಸರು ಹೇಳಿ ಮಕ್ಕಳನ್ನು ಹೋಲಿಸುವುದು ನನಗೆ ಇಷ್ಟವಿಲ್ಲ. ಅಂಥ ಮಗು ಎಲ್ಲ ಮನೆಯಲ್ಲೂ ಹುಟ್ಟುವುದಿಲ್ಲ, ಹುಟ್ಟಬೇಕಾಗಿಯೂ ಇಲ್ಲ. ನಾನು ನೆನೆಯುವುದು ಅವನ ಅಪ್ಪ ಅಮ್ಮನನ್ನು. ಕಾಯಿಲೆಯ ನಡುವೆಯೂ ಕಥೆ ಹೇಳಿದರು, ಕಾಗದ ಕೊಟ್ಟರು, ಬರೆದದ್ದನ್ನೆಲ್ಲ ಎತ್ತಿಟ್ಟರು. ಅದನ್ನು ನಾವೂ ಮಾಡಬಹುದು.

ಎತ್ತಿಡುವುದಕ್ಕೆ ನಮ್ಮ ಮಳೆಗಾಲ ದೊಡ್ಡ ಶತ್ರು. ಜೂನ್ ಬಂತೆಂದರೆ ಕಾಗದಕ್ಕೆಲ್ಲ ಬೂಸ್ಟು ಹಿಡಿಯುತ್ತದೆ. ಸುರುಳಿ ಸುತ್ತಿ ಅಟ್ಟಕ್ಕೆ ಹಾಕಬೇಡಿ. ಎರಡು ರಟ್ಟಿನ ನಡುವೆ ಚಪ್ಪಟೆಯಾಗಿ ಇಟ್ಟು, ಬಿಸಿಲು ಬಂದ ದಿನ ಒಮ್ಮೆ ಗಾಳಿಗೆ ಹರಡಿ. ಹಿಂಬದಿಯಲ್ಲಿ ತಾರೀಕು ಬರೆಯಿರಿ, ಮಗು ಅದರ ಬಗ್ಗೆ ಹೇಳಿದ ಒಂದು ಮಾತನ್ನೂ ಬರೆಯಿರಿ. ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವ ಮೊದಲು ಬರೆದವರನ್ನು ಕೇಳಿ. ಕೆಲವು ಚಿತ್ರ ಅಮ್ಮನಿಗೆ ಮಾತ್ರ ಅಂತ ಬರೆದದ್ದಿರುತ್ತದೆ.

ನಮ್ಮ ಕ್ಲಾಸಿನಲ್ಲಿ ಪಿ.ಟಿ.ಎ. ಮೀಟಿಂಗಿನ ದಿನ ಹುರಿಹಗ್ಗ ಕಟ್ಟಿ, ಬಟ್ಟೆಯ ಕ್ಲಿಪ್ಪು ಹಾಕಿ, ಎಲ್ಲರ ಚಿತ್ರ ತೂಗುಹಾಕುತ್ತೇವೆ. ಒಬ್ಬರದ್ದೂ ಬಿಡುವುದಿಲ್ಲ. ಹೆಸರು ಹಿಂಬದಿಯಲ್ಲಿ. ತಮ್ಮ ಮಗುವಿನದ್ದು ಯಾವುದು ಅಂತ ಮನೆಯವರು ಹುಡುಕಬೇಕು. ಕೆಲವು ಅಪ್ಪಂದಿರು ಎರಡು ಮೂರು ಸುತ್ತು ಬಂದರೂ ಸಿಗುವುದಿಲ್ಲ. ಆಗ ಮಗುವೇ ಕೈ ಹಿಡಿದು ಕರೆದುಕೊಂಡು ಹೋಗಿ, ಇದು ಇಂಥದ್ದು, ಅದು ಅಂಥದ್ದು ಅಂತ ವಿವರಿಸುತ್ತದೆ. ಅಪ್ಪ ಬಗ್ಗಿ ನೋಡುತ್ತಾರೆ. ಕಳೆದ ಸಲ ಒಬ್ಬರು ಅಜ್ಜಿ ಬಂದವರೇ ನೇರ ಹೋಗಿ ಒಂದು ಚಿತ್ರದ ಎದುರು ನಿಂತರು. "ಇದು ನಮ್ಮ ಕುಂಞಿಯದ್ದು. ನಮ್ಮ ಬಾವಿಕಟ್ಟೆ ಒಡೆದದ್ದು ಈ ಬದಿಯಲ್ಲೇ" ಅಂದರು. ಈ ವರ್ಷ ಉಳಿದ ಕ್ಲಾಸಿನ ಟೀಚರುಗಳೂ ತಮ್ಮ ಮಕ್ಕಳದ್ದನ್ನು ಕಟ್ಟುತ್ತೇವೆ ಅಂದಿದ್ದಾರೆ. ಹಗ್ಗವನ್ನು ವರಾಂಡದ ಈ ಕಂಬದಿಂದ ಆ ಕಂಬದವರೆಗೆ ಎಳೆಯಬೇಕಾದೀತು.